ಸೆಟ್ ಹಾಡುತ್ತದೆ, ಮುಖ ಮಾತ್ರ ಕತ್ತಲು: ಕಾರಿನ ರೇಡಿಯೋ ಬಲ್ಬ್ ದೋಷ ಹುಡುಕುವುದು, ಬದಲಿಸುವುದು

ಹಳೆಯ ಕಾರುಗಳ ಕಂಪನಿ ಸೆಟ್‌ಗಳಲ್ಲಿ ಮತ್ತೆ ಮತ್ತೆ ಬರುವ ದೂರು ಒಂದಿದೆ. ಹಾಡು ಚೆನ್ನಾಗಿ ಬರುತ್ತದೆ, ಎಫ್‌ಎಂ ಹಿಡಿಯುತ್ತದೆ, ಕ್ಯಾಸೆಟ್ಟೋ ಸಿ.ಡಿ.ಯೋ ಓಡುತ್ತದೆ. ಆದರೆ ಕತ್ತಲಾದ ಮೇಲೆ ಯಾವ ಬಟನ್ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ, ಇಲ್ಲವೇ ಅಂಕಿ ತೋರಿಸುವ ಡಿಸ್‌ಪ್ಲೇ ಪೂರ್ತಿ ಕಪ್ಪು. ಇಷ್ಟಕ್ಕೇ ಬಹಳ ಜನ ಸೆಟ್ಟನ್ನು ಕಿತ್ತು ಟಚ್‌ಸ್ಕ್ರೀನ್ ಹಾಕಿಸಿಬಿಡುತ್ತಾರೆ. ಬೇಕೆಂದೇ ಹಾಕಿಸಿಕೊಂಡರೆ ಅದು ಬೇರೆ ಮಾತು. ಆದರೆ ಭತ್ತದ ಕಾಳಿಗಿಂತ ತುಸು ದೊಡ್ಡದಾದ ಒಂದು ಬಲ್ಬ್ ಸುಟ್ಟಿತೆಂದು ವರ್ಷಾನುಗಟ್ಟಲೆ ಹಾಡಿದ ಸೆಟ್ ಗುಜರಿ ಸೇರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇಲ್ಲಿ ಹೇಳುವುದು ಒಳಗೆ ಫಿಲಮೆಂಟ್ ಬಲ್ಬ್ ಇರುವ ಸೆಟ್‌ಗಳ ಬಗ್ಗೆ. ಎಸ್ಟೀಮ್, ಕ್ವಾಲಿಸ್, ಮೊದಲ ಹೋಂಡಾ ಸಿಟಿ ರಸ್ತೆಯಲ್ಲಿದ್ದ ಕಾಲದ ಗಾಡಿಗಳು ಎಂದುಕೊಳ್ಳಿ. ಹೊಸ ಸೆಟ್‌ಗಳಲ್ಲಿ ಬೋರ್ಡಿನ ಮೇಲೆಯೇ ಸಣ್ಣ ಎಲ್‌ಇಡಿ ಕೂತಿರುತ್ತವೆ. ಅವು ಕೆಟ್ಟರೆ ಬಿಸಿಗಾಳಿಯ ಬೆಸುಗೆ ಯಂತ್ರ ಇಟ್ಟುಕೊಂಡ ಮೊಬೈಲ್ ರಿಪೇರಿಯವರ ಹತ್ತಿರ ಹೋಗುವುದೇ ಸರಿ.

ನನ್ನ ಒಂದೇ ಒತ್ತಾಯ: ಸ್ಕ್ರೂಡ್ರೈವರ್ ಆಮೇಲೆ ಎತ್ತಿಕೊಳ್ಳಿ. ಬೆಳಕು ಇಲ್ಲ ಅಂದರೆ ಬಲ್ಬ್ ಸುಟ್ಟಿದೆ ಅಂತಲೇ ಅರ್ಥವಲ್ಲ, ಬಲ್ಬಿನವರೆಗೆ ಕರೆಂಟ್ ಬರದೆಯೂ ಇರಬಹುದು. ಸೆಟ್ ಬಿಚ್ಚಿ, ಮುಖ ಕಳಚಿ, ಬೋರ್ಡು ಹೊರಗೆ ತೆಗೆದ ಮೇಲೆ ಬಲ್ಬುಗಳೆಲ್ಲ ಸರಿಯಾಗಿವೆ ಎಂದು ತಿಳಿದರೆ, ಆ ಹೊತ್ತಿಗೆ ಎರಡು ಪ್ಲಾಸ್ಟಿಕ್ ಲಾಕ್ ಆದರೂ ಮುರಿದಿರುತ್ತವೆ.

ಕತ್ತಲಾದದ್ದು ಹೇಗೆ?

ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಗಾಡಿ ಬೇರೆಯವರದಾದರೆ ಅವರನ್ನೇ ಕೇಳಿ. ಒಂದು ಸೆಟ್ಟಿನಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ಬಲ್ಬ್ ಇರುತ್ತವೆ. ಎಲ್ಲವೂ ಒಂದೇ ರಾತ್ರಿ ಸುಡುವುದು ತೀರಾ ಅಪರೂಪ. ಹಾಗಾಗಿ "ನಿನ್ನೆಯವರೆಗೆ ಸರಿ ಇತ್ತು, ಇವತ್ತು ಪೂರ್ತಿ ಇಲ್ಲ" ಎಂಬ ಉತ್ತರ ಬಂದರೆ ಫ್ಯೂಸು, ಡಿಮ್ಮರ್ (ಡ್ಯಾಶ್‌ಬೋರ್ಡಿನ ಬೆಳಕು ಏರಿಸಿ ಇಳಿಸುವ ಚಕ್ರ), ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಇವುಗಳ ಮೇಲೆ ಅನುಮಾನ ಹೋಗಬೇಕು. "ಮೊದಲು ಎಡಗಡೆ ಮಂಕಾಯಿತು, ಆಮೇಲೆ ಬಲಗಡೆಯೂ ಹೋಯಿತು" ಎಂದರೆ ಬಲ್ಬುಗಳು ಒಂದೊಂದಾಗಿ ಸುಟ್ಟಿವೆ. ಗಾಡಿ ರಸ್ತೆಯ ಗುಂಡಿ ಹಾರಿದಾಗ ಬೆಳಕು ಬಂದು ಹೋಗುತ್ತಿದ್ದರೆ ಎಲ್ಲೋ ಲೂಸ್ ಇದೆ: ಹೋಲ್ಡರ್ ಇರಬಹುದು, ಬಿರುಕು ಬಿಟ್ಟ ಬೆಸುಗೆ ಇರಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿರುವುದಿಲ್ಲ. ಸೆಟ್ಟಿನಲ್ಲಿ ಬೆಳಕಿನ ದಾರಿಗಳು ಎರಡು. ಡಿಸ್‌ಪ್ಲೇ ಹಿಂದಿನ ಬಲ್ಬ್ ಬಹಳಷ್ಟು ಸೆಟ್‌ಗಳಲ್ಲಿ ರೇಡಿಯೋ ಆನ್ ಆದ ಕೂಡಲೇ ಹಗಲಲ್ಲೂ ಉರಿಯುತ್ತದೆ. ಬಟನ್‌ಗಳ ಬಲ್ಬ್ ಉರಿಯುವುದು ಪಾರ್ಕ್ ಲೈಟ್ ಹಾಕಿದಾಗ ಮಾತ್ರ. ಹಾಗಾಗಿ ಡಿಸ್‌ಪ್ಲೇ ಮಾತ್ರ ಕಪ್ಪಾಗಿ ಬಟನ್ ಬೆಳಗುತ್ತಿದ್ದರೆ ಪಾರ್ಕ್ ಲೈಟಿನ ವೈರು ಹುಡುಕಿ ಪ್ರಯೋಜನವಿಲ್ಲ, ದೋಷ ಸೆಟ್ಟಿನ ಒಳಗೇ ಇದೆ. ಹಗಲಿಡೀ ಉರಿಯುವುದರಿಂದ ಡಿಸ್‌ಪ್ಲೇ ಬಲ್ಬೇ ಮೊದಲು ಹೋಗುವುದು ಸಹಜ.

ಡಿಸ್‌ಪ್ಲೇ ಕಪ್ಪಾದಾಗ ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ನೋಡಿ. ಅಂಕಿಗಳು ಮಸುಕಾಗಿಯಾದರೂ ಕಂಡರೆ ಎಲ್‌ಸಿಡಿ ಜೀವಂತವಾಗಿದೆ, ಹಿಂದಿನ ಬೆಳಕು ಮಾತ್ರ ಇಲ್ಲ. ಅಂಕಿಯ ಕೆಲವು ಗೆರೆಗಳು ಮಾತ್ರ ಮಾಯವಾಗಿದ್ದರೆ ಅದು ಬಲ್ಬಿನ ಕೆಲಸವೇ ಅಲ್ಲ; ಎಲ್‌ಸಿಡಿಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿಯೋ ಕೇಬಲ್ಲೋ ಸಂಪರ್ಕ ಬಿಟ್ಟಿದೆ. ಇನ್ನು ನೀಲಿಹಸಿರು ಬಣ್ಣದಲ್ಲಿ ಅಂಕಿಗಳೇ ಸ್ವತಃ ಹೊಳೆಯುವ ಗಾಜಿನ ಡಿಸ್‌ಪ್ಲೇ ಇದ್ದರೆ ಅದರ ಹಿಂದೆ ಬಲ್ಬ್ ಇರುವುದಿಲ್ಲ. ಅದು ಮಂಕಾಗಿದ್ದರೆ ಈ ಬರಹ ಉಪಯೋಗಕ್ಕೆ ಬಾರದು.

ಹೊರಗಿನ ತಪಾಸಣೆ

ಪಾರ್ಕ್ ಲೈಟ್ ಹಾಕಿ ಗಾಡಿಯಿಂದ ಇಳಿದು ಹಿಂದೆ ಹೋಗಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಟೇಲ್ ಲೈಟು, ನಂಬರ್ ಪ್ಲೇಟ್ ಲೈಟು, ಸ್ಪೀಡೋಮೀಟರ್ ಬೆಳಕು, ಎ.ಸಿ. ಪ್ಯಾನೆಲ್ ಬೆಳಕು, ರೇಡಿಯೋ ಬಟನ್ ಬೆಳಕು ಇವೆಲ್ಲಕ್ಕೂ ಕರೆಂಟ್ ಬರುವುದು ಪಾರ್ಕ್ ಲೈಟ್ ಸ್ವಿಚ್ಚಿನಿಂದಲೇ, ಟೇಲ್ ಫ್ಯೂಸ್ ಮೂಲಕ. ಸ್ಪೀಡೋಮೀಟರ್, ರೇಡಿಯೋ, ಹಿಂದಿನ ದೀಪ ಮೂರೂ ಇಲ್ಲವೆಂದರೆ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆಯಿರಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನದನ್ನೇ ಹಾಕಿ. ಮತ್ತೆ ಹಾರಿದರೆ ಎಲ್ಲೋ ವೈರು ಗಾಡಿಯ ಲೋಹದ ಬಾಡಿಗೆ ತಗುಲುತ್ತಿದೆ ಎಂದರ್ಥ. ದೊಡ್ಡ ಫ್ಯೂಸ್ ಹಾಕಿದರೆ ಸುಡುವುದು ವೈರಿಂಗ್. ಬೆಳಕಿನ ಜೊತೆಗೆ ಸುರಕ್ಷತೆಯ ಪ್ರಶ್ನೆಯೂ ಇಲ್ಲಿದೆ: ಟೇಲ್ ಲೈಟ್ ಇಲ್ಲದ ಗಾಡಿ ರಾತ್ರಿ ಹೈವೇಯಲ್ಲಿ ಹಿಂದಿನವರಿಗೆ ಕಾಣುವುದಿಲ್ಲ. ಆ ದೋಷ ಇದ್ದರೆ ರೇಡಿಯೋ ಬಿಟ್ಟು ಮೊದಲು ಅದನ್ನು ಸರಿಮಾಡಿ.

ಹಿಂದಿನ ದೀಪ ಇದೆ, ಆದರೆ ಡ್ಯಾಶ್‌ಬೋರ್ಡಿನ ಬೆಳಕೆಲ್ಲ ಇಲ್ಲ ಅಥವಾ ಮಂಕು ಎಂದರೆ ಡಿಮ್ಮರ್ ಚಕ್ರ ನೋಡಿ. ಗಾಡಿ ತೊಳೆಯುವಾಗ, ಡ್ಯಾಶ್‌ಬೋರ್ಡ್ ಒರೆಸುವಾಗ ಅದು ಕೆಳಕ್ಕೆ ತಿರುಗಿರುವುದು ತುಂಬ ಸಾಮಾನ್ಯ. ಚಕ್ರವನ್ನು ಕೊನೆಯಿಂದ ಕೊನೆಗೆ ಹಲವು ಸಲ ಆಡಿಸಿ. ಒಂದೇ ಒಂದು ಜಾಗದಲ್ಲಿ ಬೆಳಕು ಬಂದು ಉಳಿದೆಡೆ ಹೋಗುತ್ತಿದ್ದರೆ ಒಳಗಿನ ಟ್ರ್ಯಾಕ್ ಕಿಲುಬು ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಆಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಉಳಿದದ್ದೆಲ್ಲ ಬೆಳಗುತ್ತಿದೆ, ರೇಡಿಯೋ ಮಾತ್ರ ಕತ್ತಲು ಎಂದರೆ ಈಗ ಸೆಟ್ಟನ್ನು ಗೂಡಿನಿಂದ ಹೊರಗೆ ಎಳೆಯಬೇಕು. ಇನ್ನೂ ಅದರ ಮುಖ ಬಿಚ್ಚುವ ಹೊತ್ತು ಬಂದಿಲ್ಲ.

ಸೆಟ್ ಹೊರಗೆ ತೆಗೆಯುವುದು

ಬ್ಯಾಟರಿ ನೆಗೆಟಿವ್ ಬಿಚ್ಚುವ ಮೊದಲು ಸೆಟ್ಟಿಗೆ ಸೆಕ್ಯೂರಿಟಿ ಕೋಡ್ ಇದೆಯೇ ಎಂದು ವಿಚಾರಿಸಿಕೊಳ್ಳಿ. ಕೋಡ್ ಇರುವ ಸೆಟ್ಟಿಗೆ ಒಮ್ಮೆ ಕರೆಂಟ್ ತಪ್ಪಿದರೆ ಕೋಡ್ ಕೊಡುವವರೆಗೆ ಅದು ಬಾಯಿ ಬಿಡುವುದಿಲ್ಲ. ಗಾಡಿ ಕಾಗದಗಳ ಜೊತೆ ಒಂದು ಸಣ್ಣ ಕಾರ್ಡ್ ಇರಬಹುದು, ಹುಡುಕಿ.

ಯುರೋಪಿನ ಮಾದರಿಯ ಸೆಟ್‌ಗಳ ಮುಖದ ಎರಡೂ ಬದಿ ಜೋಡಿ ತೂತುಗಳಿರುತ್ತವೆ. ಯು ಆಕಾರದ ಕಡ್ಡಿಗಳನ್ನು ತೂರಿಸಿ, ಹೊರಮುಖವಾಗಿ ಒತ್ತಿ ಎಳೆದರೆ ಸೆಟ್ ಜಾರಿ ಬರುತ್ತದೆ. ಜಪಾನಿ ವಿನ್ಯಾಸದ ಗಾಡಿಗಳಲ್ಲಿ ತೂತು ಇರುವುದಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಕ್ಲಿಪ್‌ಗಳಿಂದ ಬಿಡಿಸಬೇಕು, ಬ್ರ್ಯಾಕೆಟ್ಟಿನ ಸ್ಕ್ರೂಗಳು ಅದರ ಹಿಂದೆ ಸಿಗುತ್ತವೆ. ಆಶ್‌ಟ್ರೇ ಹಿಂದೆಯೋ ಎ.ಸಿ. ಗುಬ್ಬಿಯ ಕೆಳಗೋ ಅಡಗಿದ ಒಂದು ಸ್ಕ್ರೂ ಇದ್ದೇ ಇರುತ್ತದೆ. ಚೌಕಟ್ಟು ಒಂದೇ ಮೂಲೆಯಲ್ಲಿ ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಅಲ್ಲೊಂದು ಸ್ಕ್ರೂ ಉಳಿದಿದೆ. ಬಿಸಿಲು ತಿಂದ ಹಳೆಯ ಪ್ಲಾಸ್ಟಿಕ್ ಚಳಿಯ ಬೆಳಗ್ಗೆ ಬೇಗ ಒಡೆಯುತ್ತದೆ, ಮಧ್ಯಾಹ್ನದ ಬೆಚ್ಚನೆಯ ಹೊತ್ತಿನಲ್ಲಿ ಬಾಗುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ, ಅದಕ್ಕೆ ಮೀಟರ್ ಕೂಡ ಹಚ್ಚಬೇಡಿ.

ಕರೆಂಟ್ ಬಂದಿದೆಯೇ?

ಕಪ್ಲರನ್ನು ಸೆಟ್ಟಿಗೇ ಚುಚ್ಚಿಟ್ಟು, ಬ್ಯಾಟರಿ ಮತ್ತೆ ಜೋಡಿಸಿ, ಪಾರ್ಕ್ ಲೈಟ್ ಹಾಕಿ, ಮೀಟರಿನ ಮೊನೆಯನ್ನು ಹಿಂದಿನಿಂದ ಪಿನ್ನಿಗೆ ತಾಗಿಸಿ. ಐಎಸ್‌ಒ ಕಪ್ಲರ್ (ಹಲವು ಕಂಪನಿಗಳು ಬಳಸುವ ಒಂದೇ ಮಾದರಿಯ ಪ್ಲಗ್) ಇದ್ದರೆ ಎ ಭಾಗದ 4ನೇ ಪಿನ್ ಸದಾ ಬ್ಯಾಟರಿ, 6 ಬೆಳಕಿನ ವೈರು, 7 ಕೀಲಿ ತಿರುಗಿಸಿದಾಗ ಬರುವ ಕರೆಂಟ್, 8 ಅರ್ಥ್ (ನೆಗೆಟಿವ್). ಕೆಲವು ಗಾಡಿಗಳಲ್ಲಿ 4 ಮತ್ತು 7 ಅದಲುಬದಲಾಗಿರುತ್ತವೆ. ಹೊರಗಿನಿಂದ ಹಾಕಿಸಿದ ಸೆಟ್ಟಿಗೆ ಬೆಳಕಿನದು ಸಾಮಾನ್ಯವಾಗಿ ಕಿತ್ತಳೆ ವೈರು, ಕೆಲವೊಮ್ಮೆ ಬಿಳಿ ಗೆರೆಯೂ ಇರುತ್ತದೆ. ಫಿಟ್ ಮಾಡಿದವರು ಅದನ್ನು ಟೇಪ್ ಸುತ್ತಿ ಹಾಗೇ ಬಿಟ್ಟಿರುವುದನ್ನು ಎಷ್ಟೋ ಗಾಡಿಗಳಲ್ಲಿ ಕಾಣಬಹುದು. ಹಾಗಿದ್ದರೆ ರಾತ್ರಿ ಬೆಳಕು ಬದಲಾಗದಿರುವುದು ಸೆಟ್ಟಿನ ತಪ್ಪಲ್ಲ.

ಮೀಟರ್ 12 ವೋಲ್ಟ್ ತೋರಿಸಿತೆಂದು ತೃಪ್ತರಾಗಬೇಡಿ. ಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಪಿನ್ ಹಸಿರು ಕಿಲುಬು ಹಿಡಿದು ಎಳೆಯಷ್ಟೇ ಸಂಪರ್ಕ ಉಳಿದಿದ್ದರೂ ಅದು ಪೂರ್ತಿ ವೋಲ್ಟ್ ತೋರಿಸುತ್ತದೆ, ಬಲ್ಬ್ ಮಾತ್ರ ಉರಿಯುವುದಿಲ್ಲ. ಆದ್ದರಿಂದ ಈ ವೈರಿಗೆ ಒಂದು ಸಣ್ಣ 12 ವೋಲ್ಟ್ ಬಲ್ಬ್ ಕಟ್ಟಿ ನೋಡಿ. ಅದು ಚೆನ್ನಾಗಿ ಉರಿದರೆ ಮಾತ್ರ ಕರೆಂಟ್ ಬಂದಿದೆ ಎಂದು ನಂಬಬಹುದು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ದುಬಾರಿ ಮೀಟರಿಗಿಂತ ಈ ಬಲ್ಬ್, ಅಂದರೆ ಟೆಸ್ಟ್ ಲ್ಯಾಂಪ್, ಹೆಚ್ಚು ನಂಬಿಕಸ್ಥ.

ಅರ್ಥ್ ಬಗ್ಗೆ ಒಂದು ಸೂಕ್ಷ್ಮ ಇದೆ. ಜಪಾನಿ ಗಾಡಿಗಳು ಹಲವದರಲ್ಲಿ ಡಿಮ್ಮರ್ ಕೂತಿರುವುದು ನೆಗೆಟಿವ್ ಕಡೆಗೆ. ಬಲ್ಬಿನ ಒಂದು ತುದಿಗೆ ಪೂರ್ತಿ 12 ವೋಲ್ಟ್ ಬರುತ್ತದೆ, ಇನ್ನೊಂದು ತುದಿ ಬಾಡಿಗೆ ಹೋಗದೆ ಡಿಮ್ಮರ್ ಮೂಲಕ ಹೋಗುತ್ತದೆ. ಇಂಥಲ್ಲಿ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿದರೆ ಬಲ್ಬ್ ಚೆನ್ನಾಗಿ ಉರಿಯುತ್ತದೆ, ಆದರೂ ಸೆಟ್ ಕತ್ತಲು. ಆಗ ಲ್ಯಾಂಪನ್ನು ಬೆಳಕಿನ ಎರಡು ವೈರುಗಳ ನಡುವೆಯೇ ಕಟ್ಟಿ ನೋಡಬೇಕು. ಅಲ್ಲಿ ಉರಿಯದಿದ್ದರೆ ದೋಷ ಡಿಮ್ಮರ್ ಅಥವಾ ಅದರ ವೈರಿನಲ್ಲಿ. ಆ ವೈರನ್ನು ಕತ್ತರಿಸಿ ಬಾಡಿಗೆ ಸೇರಿಸಿಬಿಡುವ ಅಡ್ಡದಾರಿ ಗ್ಯಾರೇಜುಗಳಲ್ಲಿ ಇದೆ. ಬೆಳಕೇನೋ ಬರುತ್ತದೆ, ಆದರೆ ಚಕ್ರ ತಿರುಗಿಸಿದರೆ ರೇಡಿಯೋ ಬೆಳಕು ಇಳಿಯುವುದಿಲ್ಲ, ರಾತ್ರಿ ಕಣ್ಣಿಗೆ ಚುಚ್ಚುತ್ತದೆ.

ಎರಡೂ ವೈರು ಸರಿ, ಲ್ಯಾಂಪ್ ಉರಿಯುತ್ತದೆ, ಸೆಟ್ ಕತ್ತಲು. ಈಗ ಸೆಟ್ ಬಿಚ್ಚಬಹುದು.

ಒಳಗೆ

ಮತ್ತೆ ಬ್ಯಾಟರಿ ನೆಗೆಟಿವ್ ತೆಗೆದು, ಕಪ್ಲರ್ ಮತ್ತು ಆಂಟೆನಾ ಬಿಚ್ಚಿ ಸೆಟ್ಟನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಇಡಿ. ವಾಲ್ಯೂಮ್ ಗುಬ್ಬಿಯನ್ನು ನೇರವಾಗಿ ಎಳೆಯಿರಿ. ಮುಖದ ಸುತ್ತ ಇರುವ ಲಾಕ್‌ಗಳನ್ನು ಒಂದು ಬದಿಯಿಂದ ಶುರುಮಾಡಿ ಬಿಡಿಸಿ. ಮುಖ ಸಡಿಲವಾದ ಕೂಡಲೇ ಎಳೆದುಬಿಡಬೇಡಿ, ಒಳಗಿನ ಬೋರ್ಡಿಗೆ ಚಪ್ಪಟೆ ಕೇಬಲ್ ಇರಬಹುದು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ.

ಬೋರ್ಡಿನ ಹಿಂಬದಿ ತಿರುಗಿಸಿದರೆ ಬಲ್ಬುಗಳು ಕಾಣುತ್ತವೆ. ಕೆಲವು ಸೆಟ್ಟಿನಲ್ಲಿ ಕಾಲು ಸುತ್ತು ತಿರುಗಿಸಿ ತೆಗೆಯುವ ಪ್ಲಾಸ್ಟಿಕ್ ಹೋಲ್ಡರ್, ಕೆಲವದರಲ್ಲಿ ಕೂದಲಿನಂಥ ಎರಡು ತಂತಿಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಗಾಜಿನ ಮೇಲೆ ಹಸಿರೋ ನೀಲಿಯೋ ರಬ್ಬರ್ ಟೋಪಿ ಇರುತ್ತದೆ. ಬಟನ್‌ಗಳಿಗೆ ಬಣ್ಣ ಬರುವುದು ಎಷ್ಟೋ ಸೆಟ್‌ಗಳಲ್ಲಿ ಈ ಟೋಪಿಯಿಂದ. ಅದನ್ನು ಕಳೆದುಕೊಳ್ಳಬೇಡಿ. ಗಟ್ಟಿಯಾಗಿದ್ದರೆ ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಹರಿಯದೆ ಜಾರಿಬರುತ್ತದೆ.

ಟೋಪಿ ತೆಗೆದು ಗಾಜನ್ನು ಬೆಳಕಿಗೆ ಹಿಡಿದು ನೋಡಿ. ಫಿಲಮೆಂಟ್ ತುಂಡಾಗಿದ್ದರೆ ಮಾತೇ ಇಲ್ಲ. ತುಂಡಾಗದೆ ಗಾಜಿನ ಒಳಗೋಡೆ ಬೂದುಗಪ್ಪು ಬಣ್ಣಕ್ಕೆ ತಿರುಗಿದ್ದರೂ ಆ ಬಲ್ಬಿನ ಕಾಲ ಮುಗಿಯಿತು; ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿಕೊಂಡಿದೆ. ಮೀಟರಿನಿಂದ ಅಳೆಯುವವರಿಗೆ ಒಂದು ಮಾತು: 12 ವೋಲ್ಟ್ 60 ಮಿಲಿಆಂಪಿಯರ್ ಬಲ್ಬ್ ಉರಿಯುವಾಗ 200 ಓಮ್ ಇರುತ್ತದೆ, ಆದರೆ ತಣ್ಣಗಿದ್ದಾಗ ಅದರ ಹತ್ತರಲ್ಲೊಂದು ಪಾಲು ಅಥವಾ ಇನ್ನೂ ಕಡಿಮೆ ತೋರಿಸುತ್ತದೆ. ಶಾರ್ಟ್ ಆಗಿದೆ ಎಂದು ಗಾಬರಿಯಾಗಬೇಡಿ.

ಒಂದು ಸುಟ್ಟಿದ್ದರೆ ಎಲ್ಲವನ್ನೂ ಬದಲಿಸಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಉಳಿದವುಗಳ ವಯಸ್ಸೂ ಅಷ್ಟೇ. ಬಲ್ಬಿನ ಬೆಲೆ ಈ ಬಿಚ್ಚುವ ಕೆಲಸದ ಮುಂದೆ ಏನೂ ಅಲ್ಲ.

ಯಾವ ಬಲ್ಬ್?

ಸಣ್ಣ ಬಲ್ಬಿನ ಮೇಲೆ ಏನೂ ಬರೆದಿರುವುದಿಲ್ಲ. ಗಾಜಿನ ದಪ್ಪ ಅಳೆಯಿರಿ, ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಬೆಂಗಳೂರಿನವರಿಗೆ ತಂತಿ ಇರುವ ಬಲ್ಬು, ಎಲ್‌ಇಡಿ, ರೆಸಿಸ್ಟರ್ ಹುಡುಕಲು ಎಸ್.ಪಿ. ರೋಡ್, ಹೋಲ್ಡರ್ ಬಲ್ಬುಗಳಿಗೆ ಜೆ.ಸಿ. ರೋಡ್ ಇದ್ದೇ ಇವೆ. ಬೇರೆ ಊರುಗಳಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿಯವರು "ಮೀಟರ್ ಬಲ್ಬ್ ಸಾಕು ಬಿಡಿ" ಎಂದು ಬೈಕಿನದೊಂದನ್ನು ಕೊಡಬಹುದು. ತೆಗೆದುಕೊಳ್ಳಬೇಡಿ. 60 ಮಿಲಿಆಂಪಿಯರ್ ಬಲ್ಬ್ ಮುಕ್ಕಾಲು ವ್ಯಾಟೂ ಇಲ್ಲ. ಅದರ ಜಾಗಕ್ಕೆ 2–3 ವ್ಯಾಟಿನದು ಕೂತರೆ ಟೋಪಿ ಕರಗುತ್ತದೆ, ಬೆಳಕು ಹರಡುವ ಪ್ಲಾಸ್ಟಿಕ್ ಹಳದಿಯಾಗಿ ಬಾಗುತ್ತದೆ. ಹೆಚ್ಚು ಬೆಳಕಿನ ಆಸೆಯಿಂದಲೇ ಹಾಳಾಗುವ ಸೆಟ್‌ಗಳು ಬಹಳ.

ವೋಲ್ಟೇಜ್ ವಿಷಯದಲ್ಲೂ ಊಹೆ ಬೇಡ. ಕೆಲವು ಸೆಟ್‌ಗಳಲ್ಲಿ ಬಲ್ಬಿನ ದಾರಿಯಲ್ಲಿ ರೆಸಿಸ್ಟರ್ ಇಟ್ಟು 6 ಅಥವಾ 8 ವೋಲ್ಟಿನ ಬಲ್ಬ್ ಹಾಕಿರುತ್ತಾರೆ. ಇನ್ನು ಕೆಲವದರಲ್ಲಿ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಕಟ್ಟಿರುತ್ತಾರೆ, ಅಲ್ಲಿ ಒಂದು ಸುಟ್ಟರೆ ಎರಡೂ ಆರುತ್ತವೆ. ಬಲ್ಬ್ ತೆಗೆದ ಖಾಲಿ ಜಾಗದಲ್ಲಿ ಅಳೆದರೆ ರೆಸಿಸ್ಟರಿನಲ್ಲಿ ಕರೆಂಟ್ ಹರಿಯದ ಕಾರಣ ಪೂರ್ತಿ 12 ತೋರಿಸಿ ದಾರಿ ತಪ್ಪಿಸುತ್ತದೆ. ಉರಿಯುತ್ತಿರುವ ಇನ್ನೊಂದು ಬಲ್ಬಿನ ತುದಿಗಳಲ್ಲಿ ಅಳೆಯಿರಿ. ಎಲ್ಲವೂ ಸುಟ್ಟಿದ್ದರೆ ಬೋರ್ಡಿನ ತಾಮ್ರದ ಗೆರೆ ಹಿಡಿದು ಬಲ್ಬಿನಿಂದ ಕಪ್ಲರ್‌ವರೆಗೆ ಹೋಗಿ, ನಡುವೆ ರೆಸಿಸ್ಟರ್ ಇದೆಯೇ ನೋಡಿ. ನೇರ 12 ವೋಲ್ಟ್ ಇದ್ದರೆ 14 ವೋಲ್ಟ್ ಎಂದು ಮಾರುವ ಬಲ್ಬ್ ಸಿಕ್ಕರೆ ಅದನ್ನೇ ಹಾಕಿ. ತುಸು ಮಂಕು, ಆದರೆ ಬಾಳಿಕೆ ಎಷ್ಟೋ ಪಾಲು ಹೆಚ್ಚು.

ಎಲ್‌ಇಡಿ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಬಹುದು, ಬಿಸಿಯೂ ಕಡಿಮೆ. 12 ವೋಲ್ಟಿನ ದಾರಿಯಲ್ಲಿ ಒಂದು ಬಿಳಿ ಎಲ್‌ಇಡಿಗೆ 820 ಓಮ್, ಕಾಲು ವ್ಯಾಟಿನ ರೆಸಿಸ್ಟರ್ ಸರಣಿಯಲ್ಲಿ ಬೇಕು. ಎಂಜಿನ್ ಓಡುವಾಗಿನ 14.4 ವೋಲ್ಟಿನಲ್ಲಿ ಎಲ್‌ಇಡಿಯ 3 ವೋಲ್ಟ್ ಕಳೆದರೆ 11.4 ಉಳಿಯುತ್ತದೆ, ಸುಮಾರು 14 ಮಿಲಿಆಂಪಿಯರ್ ಹರಿಯುತ್ತದೆ. ಪ್ಲಸ್ ಮೈನಸ್ ನೋಡಿಯೇ ಬೆಸೆಯಬೇಕು. ದುಂಡು ತಲೆಯ ಎಲ್‌ಇಡಿ ಬೆಳಕನ್ನು ಒಂದೇ ಚುಕ್ಕೆಯಾಗಿ ಎಸೆಯುತ್ತದೆ, ನಡುವಿನ ಬಟನ್ ಹೊಳೆದು ಅಂಚಿನವು ಕತ್ತಲಾಗುತ್ತವೆ. ಚಪ್ಪಟೆ ತಲೆಯದನ್ನು ತನ್ನಿ, ಇಲ್ಲವೇ ತಲೆಯನ್ನು ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ ಮಬ್ಬು ಮಾಡಿ. ಇಷ್ಟು ಮಾಡಿದರೂ ಹಳೆಯ ಸೆಟ್ಟಿನ ಮೆತ್ತನೆಯ ಹಸಿರು ಸಿಗುವುದು ಫಿಲಮೆಂಟ್ ಬಲ್ಬಿನಲ್ಲೇ ಎಂಬುದು ನನ್ನ ಅಭಿಪ್ರಾಯ. ಪಕ್ಕದ ಎ.ಸಿ. ಪ್ಯಾನೆಲ್ಲಿನ ಬೆಳಕಿಗೂ ಅದೇ ಹೊಂದುತ್ತದೆ.

ಬೆಸುಗೆ, ಪರೀಕ್ಷೆ

25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಹಳೆಯ ಸೀಸವನ್ನು ಪಂಪಿನಿಂದ ಹೀರಿ ತೆಗೆಯಿರಿ. ಒಂದೇ ಕಡೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಿದರೆ ತಾಮ್ರದ ಪದರವೇ ಎದ್ದು ಬರುತ್ತದೆ. ಹೊಸ ಬಲ್ಬಿನ ತಂತಿ ಬಗ್ಗಿಸುವಾಗ ಗಾಜಿನ ಬುಡವನ್ನು ನೋಸ್ ಪ್ಲಯರಿನಿಂದ ಹಿಡಿದು ಅದರಾಚೆಗೆ ಬಗ್ಗಿಸಿ, ಬುಡದಲ್ಲೇ ಬಗ್ಗಿಸಿದರೆ ಗಾಜು ಬಿರಿಯುತ್ತದೆ. ಹಳೆಯದು ಎಷ್ಟು ಎತ್ತರದಲ್ಲಿ ಕೂತಿತ್ತೋ ಅಷ್ಟೇ ಎತ್ತರಕ್ಕೆ ಕೂರಿಸಿ, ಗಾಜು ಪ್ಲಾಸ್ಟಿಕ್ಕಿಗೆ ತಾಗಬಾರದು. ಡಿಸ್‌ಪ್ಲೇ ಬಲ್ಬ್ ಬದಲಿಸಲು ಎಲ್‌ಸಿಡಿಯನ್ನೇ ಕಳಚದೆ ಕೈ ಹೋಗುವುದಾದರೆ ಹಾಗೇ ಮಾಡಿ. ಕಳಚಿದರೆ ಆ ರಬ್ಬರ್ ಪಟ್ಟಿ ಕೂದಲೆಳೆಯಷ್ಟು ಸರಿದರೂ ಅಂಕಿಗಳ ಗೆರೆ ಮಾಯವಾಗುತ್ತವೆ.

ಮುಖ ಮುಚ್ಚುವ ಮುನ್ನ ಸೆಟ್ಟನ್ನು ಗಾಡಿಯ ಕಪ್ಲರಿಗೆ ಚುಚ್ಚಿ, ಬ್ಯಾಟರಿ ಮತ್ತೆ ಜೋಡಿಸಿ ಪಾರ್ಕ್ ಲೈಟ್ ಹಾಕಿ. ಹತ್ತು ನಿಮಿಷ ಉರಿಯಲು ಬಿಟ್ಟು ಬಲ್ಬಿನ ಸುತ್ತಲಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾರದಷ್ಟು ಬಿಸಿಯಾದರೆ ಬಲ್ಬ್ ದೊಡ್ಡದಾಯಿತು. ಡಿಮ್ಮರ್ ಮೇಲೆ ಕೆಳಗೆ ಆಡಿಸಿ. ಎಲ್ಲ ಸರಿ ಎನಿಸಿದ ಮೇಲೆ ಸ್ಕ್ರೂ ಹಾಕಿ. ಚೌಕಟ್ಟು ಕೂರಿಸುವಾಗ ಹಜಾರ್ಡ್ ಸ್ವಿಚ್ಚಿನ ಕಪ್ಲರ್ ಮರೆಯಬೇಡಿ.

ಹೊಸ ಬಲ್ಬ್ ಕೆಲವೇ ತಿಂಗಳಲ್ಲಿ ಮತ್ತೆ ಸುಟ್ಟರೆ ಸೆಟ್ಟನ್ನು ಮತ್ತೆ ಬಿಚ್ಚಬೇಡಿ. ಬಾನೆಟ್ ಎತ್ತಿ, ಎಂಜಿನ್ ಸ್ವಲ್ಪ ರೇಸ್ ಮಾಡಿಸಿ, ಬ್ಯಾಟರಿ ತುದಿಗಳಲ್ಲಿ ಮೀಟರ್ ಹಿಡಿಯಿರಿ. 13.8ರಿಂದ 14.5 ವೋಲ್ಟ್‌ವರೆಗೆ ಇದ್ದರೆ ಸರಿ. 15 ದಾಟುತ್ತಿದ್ದರೆ ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜ್ ನೂರಕ್ಕೆ 5ರಷ್ಟು ಏರಿದರೆ ಸಾಕು, ಫಿಲಮೆಂಟ್ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೆಡ್‌ಲೈಟ್ ಬಲ್ಬ್ ಪದೇ ಪದೇ ಹೋಗುವುದು, ಬ್ಯಾಟರಿ ನೀರು ಬೇಗ ಇಳಿಯುವುದು ಇದರ ಜೊತೆಗೆ ಕಾಣುವ ಗುರುತುಗಳು. ರೆಗ್ಯುಲೇಟರ್ ಸರಿಮಾಡಿಸಿದ ಮೇಲೆಯೇ ರೇಡಿಯೋಗೆ ಇನ್ನೊಂದು ಬಲ್ಬ್ ತನ್ನಿ.